ಹಿದುಕಿದ ಬೇಳೆಯೂ ನನ್ನ ತತ್ವವೂ

ಯೋಚನೆ ಮಾಡುವುದು ಕೆಟ್ಟ ಚಟವಲ್ಲವೆಂದೇ ನಾನು ಬಹಳ ಕಾಲ ನಂಬಿದ್ದೆ. ಬೀಡಿಯಂತೆ ವಾಸನೆಯಿಲ್ಲ, ಎಲೆಯಡಿಕೆಯಂತೆ ಹಲ್ಲು ಕೆಂಪಾಗುವುದಿಲ್ಲ. ಆದರೆ ಅವರೇಕಾಯಿ ಕಾಲದಲ್ಲಿ, ಶೆಟ್ಟಿಹಳ್ಳಿಯ ನಮ್ಮ ಮನೆಯ ಚಾಪೆಯ ಮೇಲೆ ಕೂತು ಮಾತ್ರ ಯೋಚಿಸಬಾರದು.

ಸುತ್ತ ಎಷ್ಟೇ ಅಪಾರ್ಟ್‌ಮೆಂಟ್ ಎದ್ದರೂ ನಮ್ಮಲ್ಲಿ ಚಳಿಗಾಲದ ಭಾನುವಾರವೆಂದರೆ ಹಿದುಕಿದ ಬೇಳೆ ಸಾರು. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪಚಕ್ಕನೆ ಹೊರಬರುತ್ತದೆ. ಬೇಳೆ ಪಾತ್ರೆಗೆ, ಸಿಪ್ಪೆ ಪಕ್ಕದ ಮನೆಯ ಹಸುವಿನ ಬುಟ್ಟಿಗೆ. ಹೋದ ವರ್ಷ ನಾನು ದೇಹ ಯಾವುದು, ಆತ್ಮ ಯಾವುದು ಎಂದು ಆಳಕ್ಕಿಳಿದವನು ಸಿಪ್ಪೆಯನ್ನು ಪಾತ್ರೆಗೂ ಬೇಳೆಯನ್ನು ಬುಟ್ಟಿಗೂ ಹಾಕುತ್ತಾ ಹೋದೆ. ಹಸುವಿನ ಊಟ ಮುಗಿದ ಮೇಲೆ ವಿಷಯ ಬಯಲಾಯಿತು. ಸಾರಿಗೆಂದೇ ಟಿ. ದಾಸರಹಳ್ಳಿಯಿಂದ ಬಂದಿದ್ದ ತಂಗಿ ಜಯಮ್ಮ ಉಪ್ಪಿನಕಾಯಿಯಲ್ಲಿ ಮುದ್ದೆ ನುಂಗಿದಳು. "ನೀನಿನ್ನು ಚಾಪೆ ಮುಟ್ಟಬ್ಯಾಡ ಮೈದ," ಎಂದರು ಅತ್ತಿಗೆ.

ಅಂದಿನಿಂದ ನನಗೆ ಕುರ್ಚಿ. ಮರ್ಯಾದೆಯ ಜಾಗವೇ, ಆದರೆ ಮನೆಯ ನಗುವೆಲ್ಲ ಇರುವುದು ಚಾಪೆಯ ಮೇಲೆ. "ಏನಂದ್ರಿ?" ಎಂದು ಕೇಳಿದರೆ ಹೆಂಡತಿ ಶಾರದಾ, "ಏನಿಲ್ಲ, ನೀವು ಯೋಚ್ನೆ ಮಾಡ್ಕೊಳ್ಳಿ," ಎನ್ನುವಳು. ಗೇಟಿನಾಚೆ ನಿಂತವನ ಸಂಕಟ ಅದು.

ಈ ವರ್ಷ ನಾಚಿಕೆ ಬಿಟ್ಟು ಅಂಗಲಾಚಿದೆ. ಅತ್ತಿಗೆ ಒಂದು ಬೋಗುಣಿ ಕಾಳು ಮುಂದಿಟ್ಟರು. "ಒಂದೂವರೆ ಸೇರೈತೆ, ಇದುಕು. ಒಂದೇ ಒಂದು ಸಿಪ್ಪೆ ಸಿಕ್ರೂ ಈ ಜನ್ಮಕ್ಕೆ ಕುರ್ಚಿನೇ ಗತಿ."

ಯೋಚಿಸಬಾರದೆಂದು ಹಲ್ಲುಕಚ್ಚಿ ಕೂತೆ. ಬೆರಳೂ ನಿಂತುಹೋಯಿತು! ಶಾರದಾ ಮೊಣಕೈಯಲ್ಲಿ ತಿವಿದು, "ಒಳಗೆ ಇಟ್ಕೋಬೇಡಿ ಕಣ್ರೀ, ಬಾಯ್ಬಿಟ್ಟು ಹೇಳ್ಬಿಡಿ," ಎಂದಳು.

ಬಾಯಿಬಿಟ್ಟೆ. "ಒಂದು ರಾತ್ರಿ ನೆನೆದ ಕಾಳೇ ಸಿಪ್ಪೆ ಬಿಡುತ್ತೆ. ನಾನು ಸಂಸಾರದಲ್ಲಿ ಮೂವತ್ತೈದು ವರ್ಷ ನೆನೆದಿದ್ದೀನಿ, ನನ್ನ ಅಹಂಕಾರ ಯಾಕೆ ಬಿಡ್ತಿಲ್ಲ?"

"ಶಾರದಕ್ಕ ಸರಿಯಾಗಿ ಹಿದುಕಿಲ್ಲ ಕಣಣ್ಣ," ಎಂದಳು ಜಯಮ್ಮ.

"ಕೈ ನೋವು ಬಂತು ಜಯಾ, ಬಲಿತ ಕಾಳು!"

ಚಾಪೆ ನಕ್ಕಿತು. ನಗುವಿನ ರಭಸಕ್ಕೆ ನನ್ನ ಬೇಳೆಯೊಂದು ಹಾರಿ ಅತ್ತಿಗೆಯ ಕನ್ನಡಕಕ್ಕೆ ಬಡಿಯಿತು. ಅವರೂ ನಕ್ಕರು. ನಾನು ಹೇಳುತ್ತಾ ಹೋದೆ, ಅವರು ಕಾಲೆಳೆಯುತ್ತಾ ಹೋದರು, ಬೆರಳು ತನ್ನ ಪಾಡಿಗೆ ಓಡಿತು. ಮೋಕ್ಷದ ವಿಚಾರಕ್ಕೆ ಬರುವಷ್ಟರಲ್ಲಿ ಬೋಗುಣಿ ಖಾಲಿ!

ಅತ್ತಿಗೆ ಬೇಳೆಯನ್ನೆಲ್ಲ ಮೊರದಲ್ಲಿ ಹರಡಿ, ಕನ್ನಡಕ ಒರೆಸಿಕೊಂಡು ಹುಡುಕಿದರು. ಎರಡು ಸಲ ಹುಡುಕಿದರು. ಒಂದು ಸಿಪ್ಪೆಯೂ ಇಲ್ಲ. "ಕುರ್ಚಿ ಒಳಗಿಡು ಶಾರದಾ," ಎಂದುಬಿಟ್ಟರು. ಸಾರಿನ ಮೊದಲ ಸೌಟು ನನ್ನ ತಟ್ಟೆಗೇ ಬಿತ್ತು. ಪಟ್ಟಾಭಿಷೇಕಕ್ಕೆ ಇನ್ನೇನು ಬೇಕು?

ಆದರೆ ಬರುವ ಭಾನುವಾರಕ್ಕೆ ಅತ್ತಿಗೆ ಮೂರು ಸೇರು ನೆನೆಸುತ್ತಾರಂತೆ, ಎಲ್ಲ ನನ್ನ ಪಾಲಿಗೇ. ಕೂತು ಲೆಕ್ಕ ಹಾಕಿದೆ. ಜೀವಮಾನವಿಡೀ ಕೂಡಿಟ್ಟ ನನ್ನ ತತ್ವಜ್ಞಾನವೆಲ್ಲ ಒಂದೂವರೆ ಸೇರಿಗೇ ಮುಗಿದುಹೋಗಿದೆ.