ಮಾವನ ತಾಮ್ರದ ಕವಾಯತು

ಸುಬೇದಾರರಾಗಿದ್ದ ನಮ್ಮ ಸೋದರಮಾವ ಸೈನ್ಯದಿಂದ ನಿವೃತ್ತರಾಗಿದ್ದಾರೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರು ಸೈನ್ಯವನ್ನೇ ಜೋಗುಪಾಳ್ಯದ ತಮ್ಮ ಮನೆಗೆ ವರ್ಗ ಮಾಡಿಸಿಕೊಂಡು ಬಂದಿದ್ದಾರೆ, ಅಷ್ಟೇ! ಬೆಳಗ್ಗೆ ಐದೂವರೆಗೆ ಬಾಗಿಲಲ್ಲಿ ಚಪ್ಪಲಿಗಳ ತಪಾಸಣೆ. ಸಾಲು ತಪ್ಪಿದ ಚಪ್ಪಲಿಗೆ ಛೀಮಾರಿ. ಹಾಲಿನವನು ಗೇಟಿನಾಚೆ ನೆಟ್ಟಗೆ ನಿಂತು 'ಜೈ ಹಿಂದ್' ಅಂದ ಮೇಲೆಯೇ ಪಾತ್ರೆ ಹೊರಗೆ ಬರುತ್ತಿತ್ತು. ಸುಬೇದಾರರ ಕೈಕೆಳಗೆ ಉಳಿದಿದ್ದ ಏಕೈಕ ಸಿಪಾಯಿ ನಮ್ಮ ಅತ್ತೆ.

ಆ ಸಿಪಾಯಿಯೇ ಒಂದು ದಿನ ದಂಗೆಯೆದ್ದು ಅವರನ್ನು ಇಂದಿರಾನಗರದ ಎಂಬಾಸಿಂಗ್ ಕ್ಲಾಸಿಗೆ ಅಟ್ಟಿದರು. ತೆಳ್ಳನೆಯ ತಾಮ್ರದ ತಗಡನ್ನು ಮೊಂಡು ಕಡ್ಡಿಯಿಂದ ಹಿಂದಿನಿಂದ ಒತ್ತಿ ಒತ್ತಿ, ಮುಂದೆ ಚಿತ್ರ ಉಬ್ಬುವಂತೆ ಮಾಡುವ ಕೆಲಸ. ಕ್ಲಾಸಿನಲ್ಲಿ ಹನ್ನೆರಡು ಸೀರೆ, ಒಂದು ಮೀಸೆ. ಟೀಚರು ಒಳಗೆ ಬಂದಾಗ ಮಾವ ಎದ್ದು ಸೆಲ್ಯೂಟ್ ಹೊಡೆದರು. ಪಾಪ, ಆ ಹುಡುಗಿ ಬೆಚ್ಚಿ ಎರಡು ಹೆಜ್ಜೆ ಹಿಂದಕ್ಕೆ ಹೋದಳಂತೆ. ಮೂರನೆಯ ವಾರಕ್ಕೆ ಹಾಜರಿ ತೆಗೆದುಕೊಳ್ಳುತ್ತಿದ್ದವರು ಟೀಚರಲ್ಲ, ಮಾವ!

ಇಷ್ಟರವರೆಗೆ ನಾನೂ ಹೊಟ್ಟೆ ಹಿಡಿದು ನಕ್ಕವನೇ. ಆಮೇಲೆ ಅತ್ತೆಯ ಕಣ್ಣು ಮಂಜಾಗತೊಡಗಿತು. ಹೋದ ದೃಷ್ಟಿ ತಿರುಗಿ ಬಾರದು, ಉಳಿದದ್ದೂ ಹೆಚ್ಚು ದಿನ ನಿಲ್ಲದು ಎಂದರು ಡಾಕ್ಟರು. ಅತ್ತೆ ಅಳಲಿಲ್ಲ. "ಬಚ್ಚಲುಮನೆಗೆ ಹೋಗೋಕೂ ಇನ್ನೊಬ್ರ ಕೈ ಹಿಡ್ಕೊಳ್ಳೋ ಹಾಗೆ ಆಗ್ಬಾರ್ದು ಕಣೋ, ಅಷ್ಟೇ" ಅಂದರು.

ಇದನ್ನು ಕೇಳಿದ ಗಂಡ ಏನು ಮಾಡಬೇಕು? ಪಕ್ಕದಲ್ಲಿ ಕೂತು ಒಂದು ಸಮಾಧಾನದ ಮಾತು ಆಡಬೇಡವೇ? ನಮ್ಮ ಸುಬೇದಾರರು ಎದ್ದು ಶಿವಾಜಿನಗರಕ್ಕೆ ಹೋಗಿ ಒಂದು ಸುರುಳಿ ತಾಮ್ರದ ತಗಡು ತಂದರು!

ಅಂದಿನಿಂದ ಶುರುವಾಯಿತು ನೋಡಿ ಮೂಗುಗಳ ಹಾವಳಿ. ಮನೆಗೆ ಬಂದವರ ಮುಖವನ್ನೆಲ್ಲ ತಗಡಿಗೆ ಇಳಿಸಿದರು. ಒಂದೊಂದು ಮೂಗೂ ಕೊಡೆ ನೇತುಹಾಕುವಷ್ಟು ಮುಂದೆ! ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ರಾಯಚೂರಿನವರು ತಮ್ಮ ಪಟ ನೋಡಿ ಮೂಗು ಸವರಿಕೊಂಡರು.

"ಸಾಹೇಬ್ರ, ನನ್ ಮೂಗು ಇಷ್ಟುದ್ದ ಐತೇನ್ರಿ?"

"ಇದೆ. ನೀವೇ ಸರಿಯಾಗಿ ನೋಡ್ಕೊಂಡಿಲ್ಲ" ಎಂದು ತೀರ್ಪು ಕೊಟ್ಟರು ಮಾವ.

ಪಟಗಳನ್ನು ತಗುಲಿಸಿದ್ದಾದರೂ ಎಲ್ಲಿ? ಗೋಡೆಯುದ್ದಕ್ಕೂ ಸೊಂಟದಿಂದ ಒಂದು ಗೇಣು ಮೇಲೆ! ಅಡುಗೆಮನೆಯ ಬಾಗಿಲ ಪಕ್ಕ ಬದನೆಕಾಯಿ, ಬಚ್ಚಲುಮನೆಯ ಪಕ್ಕ ಮೀನು. ಆ ಮೀನು ನನ್ನ ಮೊಣಕೈಯನ್ನು ಎರಡು ಸಲ ತರಚಿತ್ತು.

"ಪಟ ಅಂದ್ರೆ ಕಣ್ಣಿನ ಎತ್ತರಕ್ಕೆ ಹಾಕೋದಲ್ವಾ ಮಾವ?"

"ಅದು ಸಿವಿಲಿಯನ್‌ಗಳ ಪದ್ಧತಿ."

ನನಗೆ ರೇಗಿತು. "ಅತ್ತೆಗೆ ಕಣ್ಣು ಹೋಗ್ತಿದೆ, ನೀವು ತಗಡಲ್ಲಿ ಆಟ ಆಡ್ತಿದೀರಲ್ಲ!" ಎಂದುಬಿಟ್ಟೆ. ಮಾವ ತಲೆಯೆತ್ತಲಿಲ್ಲ. "ಡ್ಯೂಟಿ ಮೇಲಿದೀನಿ, ಮಾತಾಡಿಸ್ಬೇಡ" ಅಂದರು. ನಾನು ಸಿಟ್ಟಿನಿಂದ ಹೊರಟುಹೋದೆ.

ಕಳೆದ ಭಾನುವಾರ ಮನಸ್ಸು ತಡೆಯದೆ ಹಲಸೂರಿನಲ್ಲಿ ಇಡ್ಲಿ ಕಟ್ಟಿಸಿಕೊಂಡು ಹೋದೆ. ಬಾಗಿಲು ತೆರೆದಿತ್ತು. ಒಳಗೆ ಆರಡಿ ಸುಬೇದಾರರು ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಮಂಡಿ ಬಗ್ಗಿಸಿ, ಗೋಡೆ ತಡವುತ್ತ ಬಾತುಕೋಳಿಯ ಹಾಗೆ ಬರುತ್ತಿದ್ದಾರೆ! ನಗು ತಡೆಯಲಾಗಲಿಲ್ಲ.

"ಏನ್ ಮಾವ ಇದು? ಬಗ್ಗಿ ಯಾಕೆ ನಡೀತಿದೀರ?"

"ಅವಳು ಐದಡಿ ಕಣೋ. ನನ್ನೆತ್ತರಕ್ಕೆ ಮೊಳೆ ಹೊಡೆದ್ರೆ ಅವಳ ಕೈಗೆ ಸಿಗುತ್ತಾ?" ಬೆರಳು ಮೀನಿನ ಮೇಲೆ ನಿಂತಿತು. "ಇಲ್ಲಿ ಬಚ್ಚಲುಮನೆ. ಇನ್ನೆರಡು ಇಂಚು ಕೆಳಗೆ ಬರ್ಬೇಕು."

ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಅತ್ತೆ ಕುರ್ಚಿಯಿಂದೆದ್ದು, ಕಣ್ಣು ಮುಚ್ಚಿಕೊಂಡು, ಯಾರ ಕೈಯನ್ನೂ ಹಿಡಿಯದೆ ಗೋಡೆಗುಂಟ ಹೊರಟರು. ನನ್ನ ತಾಮ್ರದ ಮೂಗು ಸವರಿ "ಇದು ನೀನು" ಅಂದರು. ಬದನೆಕಾಯಿ ದಾಟಿದರು, ಮೀನು ದಾಟಿದರು. ಕೊನೆಗೆ ಮಲಗುವ ಕೋಣೆಯ ಬಾಗಿಲ ಪಕ್ಕದ ಮುಖದ ಮೇಲೆ ಅವರ ಕೈ ಸ್ವಲ್ಪ ಹೊತ್ತು ನಿಂತಿತು.

"ಎಲ್ಲಾ ಸರಿ ರೀ. ಮೀಸೆ ಮಾತ್ರ ಚುಚ್ಚುತ್ತೆ."

"ಚುಚ್ಚಲಿ. ನಾನೇ ಅಂತ ಗೊತ್ತಾಗ್ಬೇಕಲ್ಲ" ಅಂದರು ಮಾವ, ಟವೆಲ್ ಇನ್ನೂ ಬಿಚ್ಚದೆ.

ನಾನು ಮೆಲ್ಲಗೆ ಬಾಗಿಲಿಗೆ ಹೋಗಿ, ದಾರಿಗೆ ಅಡ್ಡವಾಗಿ ಬಿಟ್ಟಿದ್ದ ನನ್ನ ಚಪ್ಪಲಿಗಳನ್ನು ಸಾಲಿಗೆ ಸೇರಿಸಿ ಬಂದೆ.