ಬಿಸಿಲಿಗಿಟ್ಟ ಸೆಲ್ಲು

ಇದು ತೊಂಬತ್ತೊಂಬತ್ತನೇ ಇಸವಿಯ ಮಾತು. ನನ್ನ ಷಡ್ಡಕ ತಿಮ್ಮೇಶ ಸೊಂಟಕ್ಕೆ ಪೇಜರು ಸಿಕ್ಕಿಸಿಕೊಂಡು ಮಾವನ ಮನೆಗೆ ಬಂದ ದಿನದಿಂದ ನನ್ನ ತಟ್ಟೆಯ ಮುದ್ದೆ ಗಟ್ಟಿಯಾಗತೊಡಗಿತು. ನನ್ನ ಧರ್ಮಪತ್ನಿಯ ಹೆಸರು ಸರಸಮ್ಮ. (ಸರಸವೆಲ್ಲ ಹೆಸರಿಗೇ ಖರ್ಚಾಗಿದೆ.) ತಂಗಿಯ ಗಂಡನ ಸೊಂಟ 'ಟುಯ್' ಅನ್ನುತ್ತದೆ, ನಿಮ್ಮ ಸೊಂಟ ಬರೀ 'ಅಯ್ಯೋ' ಅನ್ನುತ್ತದೆ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದಳು.

ಹಿರಿಯಳಿಯನ ಮಾನದ ಪ್ರಶ್ನೆ. ಅವಳು ಮಿಕ್ಸಿಗೆಂದು ಕೂಡಿಟ್ಟಿದ್ದನ್ನು ಕಾಡಿ ಬೇಡಿ ಈಸಿಕೊಂಡು ಮೈಸೂರಿಗೆ ಹೋದೆ. ಪೇಜರಿನ ಕಾಲ ಮುಗಿಯಿತು, ಇನ್ನೇನಿದ್ದರೂ ಸೆಲ್ ಫೋನು ಎಂದ ಅಂಗಡಿಯವನು. ಒಂದಕ್ಕೆ ಆಂಟೆನಾ ಹೊರಗೆ, ಇನ್ನೊಂದಕ್ಕೆ ಒಳಗೆ. ಒಳಗಿರುವುದೇ ಹೊಸ ತಂತ್ರಜ್ಞಾನವಂತೆ. ಮಾವನ ಕಣ್ಣಿಗೆ ಬೀಳದ ಆಂಟೆನಾ ಇದ್ದರೆಷ್ಟು, ಬಿಟ್ಟರೆಷ್ಟು? ಜೇಬಿನಿಂದ ಇಣುಕುವುದನ್ನೇ ಆರಿಸಿದೆ.

ನಮ್ಮೂರು ಚಿನಕುರಳಿಗೆ ತಂದು ನೋಡಿದರೆ ಸಿಗ್ನಲ್ಲೇ ಇಲ್ಲ. ಹಿತ್ತಿಲು, ಕೊಟ್ಟಿಗೆ, ತಿಪ್ಪೆ ಎಲ್ಲ ಕಡೆಯೂ ಅದನ್ನು ಎತ್ತಿ ಹಿಡಿದು ದಿಗ್ವಿಜಯ ಮಾಡಿದೆ. ಏಣಿ ಹತ್ತಲು ಸೊಂಟ ಒಪ್ಪದ್ದರಿಂದ ತಾರಸಿಯೊಂದು ಉಳಿಯಿತು. ಅಷ್ಟರಲ್ಲಿ ಸರಸಮ್ಮನ ತೀರ್ಪು ಬಂತು: ಭಾನುವಾರ ಅಪ್ಪ ಬರುತ್ತಾರೆ, ಅವರೆದುರು ಇದು ಬಡಿದುಕೊಳ್ಳಬೇಕು, ಇಲ್ಲವಾದರೆ ಸೋಮವಾರ ಇದು ಮೈಸೂರಿಗೆ, ಮಿಕ್ಸಿ ಮನೆಗೆ.

ಶನಿವಾರ ಸಂಜೆ ನನ್ನ ಸಪ್ಪೆ ಮೋರೆ ನೋಡಿ ಅವ್ವ ಕುಳ್ಳಮ್ಮ ಏನಾಯ್ತೆಂದು ಕೇಳಿದಳು.

"ಸೆಲ್ಲು ಇಲ್ಲಿ ವೀಕು ಕಣವ್ವ" ಎಂದೆ. ಅವ್ವ ಅನುಭವಸ್ಥೆಯ ಹಾಗೆ ತಲೆಯಾಡಿಸಿದಳು.

ಭಾನುವಾರ ಮಾವ ಶಿವಲಿಂಗಯ್ಯನವರು ತಿಮ್ಮೇಶನ ಸಮೇತ ಬಂದು ಜಗಲಿಯ ಮೇಲೆ ಕುಳಿತರು.

"ಎಲ್ಲಿ ಅಳಿಮಯ್ಯ, ಅದುನ್ನ ಒಂದ್ಸಲ ಕೂಗ್ಸಪ್ಪ, ಕೇಳವ."

ಮೊಳೆಗೆ ತೂಗುಹಾಕಿದ್ದ ಫೋನು ಅಲ್ಲಿರಲಿಲ್ಲ.

"ವೀಕು ಅಂದ್ಯಲ್ಲ ಮಗ" ಎಂದಳು ಅವ್ವ. "ಬೆಳಗ್ಗೇನೇ ತಾರಸಿ ಮ್ಯಾಲೆ ಬಿಸ್ಲಿಗಿಟ್ಟಿವ್ನಿ, ಬ್ಯಾಟ್ರಿ ಸೆಲ್ ಜೊತೇಲಿ."

ಕೈಬ್ಯಾಟರಿಯ ಸೆಲ್ಲು ಸೋತರೆ ಬಿಸಿಲು ಕಾಯಿಸಿ ಮತ್ತೆರಡು ದಿನ ದುಡಿಸುವುದು ಅವ್ವನ ಹಳೆಯ ವಿದ್ಯೆ. ತಿಮ್ಮೇಶ ಮೀಸೆಯಡಿ ನಕ್ಕ. ನೆಲ ಬಾಯಿ ಬಿಡಬಾರದೇ ಎನಿಸುತ್ತಿರುವಾಗಲೇ ತಾರಸಿಯಿಂದ 'ಟ್ರಿಣ್ ಟ್ರಿಣ್' ಶುರುವಾಯಿತು. ಮಾವ ಎದ್ದು ನಿಂತು ನನ್ನನ್ನು ಬಿಟ್ಟು ಅವ್ವನಿಗೆ ಕೈ ಮುಗಿದರು.

ಸೊಂಟವನ್ನೂ ಮರೆತು ಏಣಿ ಹತ್ತಿದೆ. ಸಂಡಿಗೆಯ ನಡುವೆ ನನ್ನ ಫೋನು ವಿರಾಜಮಾನವಾಗಿತ್ತು. ಬೀದಿಯವರೂ ಕತ್ತೆತ್ತಿ ನೋಡುತ್ತಿದ್ದರು. ಕರೆ ಮೈಸೂರಿನ ಅಂಗಡಿಯವನದು. ಮಾತು ಕಡಿದು ಕಡಿದು ಬರುತ್ತಿದ್ದುದರಿಂದ ಪ್ರತಿ ಮಾತನ್ನೂ ಕಿರುಚಿ ಕೇಳಬೇಕಾಯಿತು. (ಆಗ ಬಂದ ಕರೆಗೂ ನಾವೇ ಕಾಸು ತೆರಬೇಕಿತ್ತು.)

"ಏನು? ಆಂಟೆನಾ ಹೊರಗಿರೋದು ನಿಂತೋಯ್ತಾ? ನಂದು ಹಳೇದಾ? ತಂದು ಬದ್ಲಾಯಿಸ್ಕೋಬೇಕಾ?"



"ಕೊಂಡು ತಿಂಗ್ಳಾಗಿಲ್ಲ, ಆಗ್ಲೇ ಹಳೇದಾ?" ಎಂದರು ಮಾವ ಕೆಳಗಿನಿಂದ.

"ಇನ್ನೆರಡು ಬಿಸ್ಲು ಕಾಯ್ಲಿ ಬುಡಿ ಬೀಗ್ರೇ, ಹೊಸದಾಯ್ತದೆ" ಎಂದು ಅವ್ವ ಅವರಿಗೆ ಧೈರ್ಯ ಹೇಳಿದಳು.

ಸರಸಮ್ಮ ಏಣಿಯನ್ನು ತೆಗೆದು ನೆಲಕ್ಕೆ ಮಲಗಿಸಿ, ಸೆರಗಿಗೆ ಕೈ ಒರೆಸಿಕೊಂಡು ತಲೆಯೆತ್ತಿದಳು.

"ಬದ್ಲಿಗೆ ಮಿಕ್ಸಿ ಕೊಟ್ಟಾರಾ ಕೇಳಿ."

ಕೇಳಿದೆ. ಅದನ್ನೂ ಕಿರುಚಿಯೇ ಕೇಳಿದೆ.