ಅಂತರ್ಮೌನ ಆಲಯದ ಚಪ್ಪಲಿ ಕಟ್ಟೆ

ಪೊಳ್ಳಾಚಿ ಬಳಿಯ ನಮ್ಮ ಅಂತರ್ಮೌನ ಧ್ಯಾನಾಲಯದಲ್ಲಿ ವಿಗ್ರಹವಿಲ್ಲ, ಗಂಟೆಯಿಲ್ಲ, ಪೂಜಾರಿಯಿಲ್ಲ. ನಿಯಮಗಳು ಮಾತ್ರ ಇವೆ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಎಲ್ಲರೂ ಮೌನವಾಗಿರಬೇಕೆಂದು ದಿನವಿಡೀ ಧ್ವನಿವರ್ಧಕದಲ್ಲಿ ಕೂಗುವವನು ನಾನೇ. ನನಗೆ ಗಂಟಲು ಕಟ್ಟಿದ ದಿನ ಆಲಯದ ಗುಮ್ಮಟದೊಳಗೆ ಧ್ಯಾನಕ್ಕೆ ಕೂತಿದ್ದವರು ಗಾಬರಿಯಾಗಿ ಕಣ್ಣುಬಿಟ್ಟಿದ್ದರು.

ಹೀಗಿರಲಾಗಿ, ವೆಳ್ಳೈಯಮ್ಮಾಳ್ ಎಂಬ ಮುದುಕಿ ಗುಮ್ಮಟದೊಳಗೆ ಕೂತು ಅತ್ತಳು. ಕಾರ್ಯದರ್ಶಿ ಕದಿರ್‌ವೇಲರು ಓಡಿಬಂದರು.

"ಏಳು ಆತಾ, ಏಳಜ್ಜಿ! ಇಲ್ಲಿ ದ್ರವ ಪದಾರ್ಥಕ್ಕೆ ಅವಕಾಶ ಇಲ್ಲ. ಅಮೃತಶಿಲೆಗೆ ಕಲೆಯಾಗುತ್ತೆ."

"ಹೊರಗಿಂದ ತಂದಿದ್ದಲ್ಲಪ್ಪಾ, ಒಳಗಿಂದ ಬಂದಿದ್ದು. ಒಳಗೆ ನೋಡ್ಕೊಳ್ಳಿ ಅಂತ ನೀವೇ ಬೋರ್ಡ್ ಹಾಕಿದ್ದೀರಲ್ಲ?"

"ನೋಡ್ಕೊಳ್ಳೋಕೆ ಹೇಳಿದ್ದು. ಹೊರಗೆ ಹಾಕೋಕಲ್ಲ."

"ನಮ್ಮೋರು ಹೋಗಿ ತಿಂಗಳಾಯ್ತು. ಮನೆ ತುಂಬಾ ನೆಂಟ್ರು. ಅಳೋಕೆ ಕೂತ್ರೆ ಕಾಫಿ ಎಲ್ಲಿ ಅಂತಾರೆ. ಒಂದು ಗಳಿಗೆ ಬಿಡಪ್ಪಾ."

ನಿಯಮಾನುಸಾರ ಬಿಡಲಿಲ್ಲ.

ಅವಳು ಹೊರಗೆ ಬೇವಿನಮರದ ಕೆಳಗಿನ ಚಪ್ಪಲಿ ಕಟ್ಟೆಯ ಮೇಲೆ ಕೂತಳು. "ಇಲ್ಲಿ ಅತ್ರೆ ನೀನೂ ಬೈತೀಯೇನೋ?" ಎಂದು ಚಪ್ಪಲಿ ಕಾಯುವ ಸೆಂಗೋಡನನ್ನು ಕೇಳಿದಳು.

"ಚಪ್ಪಲಿ ಒದ್ದೆ ಮಾಡ್ಬೇಡ, ಅಷ್ಟೇ. ಆ ಕಡೆ ತಿರುಗಿ ಎಷ್ಟು ಬೇಕಾದ್ರೂ ಅಳು."

ಅವಳು ಮನಸಾರೆ ಅತ್ತು, ಮುಖ ತೊಳೆದುಕೊಂಡು ಮನೆಗೆ ಹೋದಳು. ಸುದ್ದಿ ಹಬ್ಬಿತು. ನಿವೃತ್ತ ಹೆಡ್ಮಾಸ್ತರರು ಬಂದರು, ಮದುವೆ ಗೊತ್ತಾಗಿದ್ದ ಹುಡುಗನೊಬ್ಬ ಬಂದ. ಕ್ರಮೇಣ ಕಟ್ಟೆ ತುಂಬಿ, ಗುಮ್ಮಟ ಬಣಬಣ ಎಂದಿತು.

ಆಡಳಿತ ಮಂಡಳಿ ತುರ್ತಾಗಿ ಸೇರಿ, ಕಡಲೆ ಸುಂಡಲ್ ತಿಂದು, ಶಾಂತಿಯು ಪೂರ್ವಾನುಮತಿಯಿಲ್ಲದೆ ಸ್ಥಳ ಬದಲಾಯಿಸಿದೆ ಎಂದು ತೀರ್ಮಾನಿಸಿತು. ಇನ್ನು ಮುಂದೆ ಚಪ್ಪಲಿ ಕಟ್ಟೆಯೇ ಆಲಯ. ಖಾಲಿ ಬಿದ್ದ ಗುಮ್ಮಟದಲ್ಲಿ ಚಪ್ಪಲಿ ಇಡತಕ್ಕದ್ದು. ಕಟ್ಟೆಗೆ ಗಾಜಿನ ಗೋಡೆ ಬಂತು, ಮೆತ್ತೆ ಬಂತು, ನನ್ನ ಧ್ವನಿವರ್ಧಕವೂ ಬಂತು.

"ದಯವಿಟ್ಟು ಈಗ ಅಳಿರಿ. ಬಿಕ್ಕಳಿಸುವವರು ಎಡಬದಿಗೆ ಸರಿಯಿರಿ. ಮುಂದಿನ ತಂಡ ಕಾಯುತ್ತಿದೆ."

ಮತ್ತೆ ಬಂದಿದ್ದ ವೆಳ್ಳೈಯಮ್ಮಾಳ್ ಎದ್ದು ನಿಂತಳು. "ನಿನ್ನ ಬಾಯಿಗೆ ಮಣ್ಣು ಹಾಕ! ಬರ್ತಿದ್ದ ಅಳುವೂ ಹಿಂದಕ್ಕೆ ಹೋಯ್ತು!"

ಭಕ್ತೆಯ ಕಣ್ಣೀರು ನಿಂತಿದೆ, ಫಲಿತಾಂಶ ತೃಪ್ತಿಕರ ಎಂದು ನಾನು ವರದಿ ಕೊಟ್ಟೆ.

ಮರುದಿನ ಅವಳು ನೇರ ಗುಮ್ಮಟಕ್ಕೆ ನಡೆದಳು. ಸೆಂಗೋಡನ್ ಈಗ ಅಲ್ಲಿದ್ದ.

"ಇದೇನು ಆತಾ, ಬರಿಗಾಲಲ್ಲಿ ಬಂದು ಕೈಯಲ್ಲಿ ಚಪ್ಪಲಿ ಹಿಡ್ಕೊಂಡಿದ್ದೀಯಾ? ಅದೂ ಗಂಡಸರದ್ದು?"

"ನಮ್ಮೋರವು."

ಅವನು ಟೋಕನ್ ಕೊಟ್ಟ. ಅವಳು ಸವೆದ ಆ ಜೊತೆಯನ್ನು ಅಮೃತಶಿಲೆಯ ನಟ್ಟನಡುವೆ ಇಟ್ಟು, ಪಕ್ಕದಲ್ಲೇ ಕೂತಳು. ಚಪ್ಪಲಿ ಇಡುವ ಜಾಗದಲ್ಲಿ ಅಳಬಾರದೆಂಬ ನಿಯಮ ಇರಲಿಲ್ಲ. ಕಲ್ಲಿಗೆ ಕಲೆಯಾಯಿತು, ಯಾರೂ ಓಡಿಬರಲಿಲ್ಲ.

ಈಗ ಚಪ್ಪಲಿ ಮೆಟ್ಟದವರೂ ಒಂದು ಜೊತೆ ಹಿಡಿದುಕೊಂಡು ಬರುತ್ತಾರೆ. ಮೊನ್ನೆ ಕಾರ್ಯದರ್ಶಿಗಳು ತೀರಿಹೋದ ತಾಯಿಯ ಚಪ್ಪಲಿಯನ್ನು ಟವೆಲಿನಲ್ಲಿ ಸುತ್ತಿ ತಂದು, ಟೋಕನ್ ಪಡೆದು ಒಳಗೆ ಹೋದರು. ಹೊರಬರುವಾಗ ಬಹಳ ಹೊತ್ತಾಗಿತ್ತು. ಚಪ್ಪಲಿ ಇಡಲು ಅಷ್ಟು ಸಮಯ ಬೇಕಾಗುತ್ತದೆ ಎಂದು ಮಂಡಳಿಯು ಒಮ್ಮತದಿಂದ ಒಪ್ಪಿದೆ.